ಇಲ್ಲದ ಗಡ್ಡೆ ಸಿಕ್ಕ ದಿನ

ಆ ಆಸ್ಪತ್ರೆಯಲ್ಲಿ ನಮ್ಮ ಮಾನಕ್ಕೆ ಬಹಳ ಬೆಲೆ. ಅದಕ್ಕೇ ಪರದೆ ಹಾಕಿದ್ದಾರೆ.

ಹೆಂಗಸರ ವಿಭಾಗದಲ್ಲಿ ಸಾಲಾಗಿ ಪುಟ್ಟ ಗೂಡುಗಳು. ಮೈಕಿನಲ್ಲಿ ಹೆಸರು ಕೂಗುತ್ತಾರೆ. ಒಳಗೆ ಹೋಗಿ, ಸೊಂಟದ ಕೆಳಗಿನ ಬಟ್ಟೆ ಬಿಚ್ಚಿ, ಕುರ್ಚಿಯ ಮೇಲೆ ಕೂರಬೇಕು. ಕುರ್ಚಿ ತಾನೇ ಮೇಲೇಳುತ್ತದೆ, ತಾನೇ ಹಿಂದಕ್ಕೆ ವಾಲುತ್ತದೆ, ತಾನೇ ನಿಮ್ಮ ಕಾಲು ಅಗಲಿಸುತ್ತದೆ. ಸರಿಯಾಗಿ ಸೊಂಟದ ಮೇಲೆ ಒಂದು ಗುಲಾಬಿ ಪರದೆ ಇಳಿಬಿದ್ದಿರುತ್ತದೆ. ಈಚೆ ನಿಮ್ಮ ಮುಖ, ಆಚೆ ಉಳಿದದ್ದು. ಡಾಕ್ಟರರು ಆಚೆ ಕಡೆಯ ಓಣಿಯಲ್ಲಿ ಒಂದು ಗೂಡಿನಿಂದ ಇನ್ನೊಂದು ಗೂಡಿಗೆ ನಡೆದುಕೊಂಡು ಹೋಗುತ್ತಾರೆ. ಅವರ ಮುಖ ನಮಗೆ ಕಾಣದು, ನಮ್ಮ ಮುಖ ಅವರಿಗೆ ಬೇಡ. "ನಾಚಿಕೆ ಆಗಬಾರದಲ್ಲ, ಅದಕ್ಕೆ" ಎನ್ನುತ್ತಾಳೆ ನರ್ಸಮ್ಮ. ಯಾರಿಗೆ ನಾಚಿಕೆ ಆಗಬಾರದು ಎಂದು ಅವಳು ಹೇಳುವುದಿಲ್ಲ.

ನಾವು ಒಸಾಕಾದ ಇಕುನೊ ಓಣಿಯಲ್ಲಿ ಚಪ್ಪಲಿ ಅಂಟಿಸುವ ಹೆಂಗಸರು. ನಮ್ಮ ತಾಯಿತಂದೆ ಜೇಜು ದ್ವೀಪದಿಂದ ಹಡಗು ಹತ್ತಿ ಬಂದ ಕೊರಿಯಾದವರು. ನಾವು ಇಲ್ಲೇ ಹುಟ್ಟಿದೆವು, ಇಲ್ಲೇ ಮುದುಕಿಯರಾಗುತ್ತಿದ್ದೇವೆ. ಆದರೂ ಸರ್ಕಾರಿ ಲೆಕ್ಕದಲ್ಲಿ ವಿದೇಶಿಯರು. ಅದಕ್ಕೆ ನಗರಸಭೆಗೆ ಹೋಗಿ ಬೆರಳಚ್ಚು ಒತ್ತಿ ಬರಬೇಕು. ಅಂಟು ಹಚ್ಚಿ ಹಚ್ಚಿ ಬೆರಳಿನ ಗೆರೆಯೇ ಸವೆದುಹೋಗಿದ್ದರೆ ಗುಮಾಸ್ತ ಬೈಯುತ್ತಾನೆ, ಅಚ್ಚು ಸರಿಯಾಗಿ ಮೂಡಲಿಲ್ಲ ಎಂದು.

ಕೈ ಕೆಸರಾದರೆ ಬಾಯಿ ಮೊಸರು ಎಂದವರು ನಮ್ಮ ಕೆಲಸದ ಮನೆ ನೋಡಿಲ್ಲ. ನೆಲಮಾಳಿಗೆ. ಕಿಟಕಿಯಿಲ್ಲ. ರಬ್ಬರಿನ ಅಂಟು, ಅದನ್ನು ತೆಳುಮಾಡುವ ಥಿನ್ನರು. ಚಪ್ಪಲಿಯ ಅಟ್ಟೆ ಎತ್ತಿಕೋ, ಬ್ರಷ್ ಎಳೆ, ಮೇಲಿನ ಪಟ್ಟಿ ಇಡು, ಹೆಬ್ಬೆರಳಿನಿಂದ ಒತ್ತು. ಮತ್ತೆ ಎತ್ತಿಕೋ. ಮಧ್ಯಾಹ್ನದ ಹೊತ್ತಿಗೆ ತಲೆ ತಿರುಗಿ, ಕಾರಣವಿಲ್ಲದೆ ನಗು ಬರುತ್ತಿತ್ತು. ಆಮೇಲೆ ವಾಂತಿ. ದೇಶಕ್ಕೆ ದೇಶವೇ ದುಡ್ಡಿನಲ್ಲಿ ತೇಲುತ್ತಿದ್ದ ವರ್ಷಗಳು ಅವು. ನಾವೂ ತೇಲುತ್ತಿದ್ದೆವು, ಥಿನ್ನರಿನಲ್ಲಿ.

ಅಂಥ ನಮ್ಮನ್ನು ಹುಡುಕಿಕೊಂಡು ಒಂದು ದಿನ ಕರಿ ಕಾರಿನಲ್ಲಿ ಪ್ರೊಫೆಸರ್ ಕುಜಿರಾಯಿ ಬಂದ. ದೊಡ್ಡ ಆಸ್ಪತ್ರೆಯ ಹೆಂಗಸರ ವಿಭಾಗಕ್ಕೆ ಅವನೇ ಯಜಮಾನ. ಮೆಟ್ಟಿಲ ಮೇಲೇ ನಿಂತು ಮೂಗಿಗೆ ಕರವಸ್ತ್ರ ಹಿಡಿದು ನಮಗೆ ತಲೆಬಾಗಿದ. ಹೆಂಗಸರ ಅಂಡಾಶಯದ ರೋಗ ಹೊಟ್ಟೆಯೊಳಗೆ ಸದ್ದಿಲ್ಲದೆ ಬೆಳೆಯುತ್ತದಂತೆ. ರಕ್ತದಲ್ಲಿ ಅದರ ಗುರುತು ಮೊದಲೇ ಕಾಣುತ್ತದಂತೆ, ಅದಕ್ಕೆ ಮಾರ್ಕರ್ ಎನ್ನುತ್ತಾರಂತೆ. ಅಂಟಿನ ಹೊಗೆ ಕುಡಿಯುವ ನಮ್ಮಂಥವರ ರಕ್ತ ಅವನ ಸಂಶೋಧನೆಗೆ ಬೇಕಂತೆ. ಪರೀಕ್ಷೆ ಪೂರ್ತಿ ಉಚಿತ.

"ನಿಮ್ಮ ರಕ್ತ ಜಗತ್ತಿನ ಹೆಂಗಸರಿಗೆಲ್ಲ ಬೆಳಕಾಗುತ್ತದೆ" ಎಂದ.

ಪಕ್ಕದಲ್ಲೇ ಕೂತು ಅಂಟಿಸುತ್ತಿದ್ದ ಒಕ್‌ಸುನ್ ಅಕ್ಕ ಬ್ರಷ್ ಕೆಳಗಿಡದೇ ನನ್ನ ಕಿವಿಯಲ್ಲಿ ಹೇಳಿದಳು: "ನೋಡ್ದಾ ಬೊಂಗಾ, ಬಾಡಿಗೆಗೆ ಮನೆ ಕೇಳಿದ್ರೆ ನಮ್ಮ ರಕ್ತ ಬೇರೆ. ಸೀಸೆಗೆ ತುಂಬ್ಕೊಳೋವಾಗ ಎಲ್ಲಾ ಒಂದೇ."

ಕೊಟ್ಟೆವು. ಉಚಿತ ಎಂದರೆ ಬಡವರು ಕೊಡದೇ ಇರುವುದುಂಟೇ. ಒಂದೊಂದು ಸೀಸೆಗೆ ಒಂದೊಂದು ಟವಲು ಕೊಟ್ಟರು. ತೆಳ್ಳಗಿನದು, ನೀರು ಹೀರದು.

ಆ ಬೆಳಕು ಮೊದಲು ಅಕ್ಕನ ಮೇಲೇ ಬಿತ್ತು. ಅವಳ ಅಂಕಿ ಏರಿದೆ, ಆಸ್ಪತ್ರೆಗೆ ಬರಬೇಕು ಎಂದು ಹೇಳಿಕಳಿಸಿದರು. ಹೋದಳು. ಎಷ್ಟು ಏರಿದೆ ಎಂದು ಕೇಳಿದಳು. ಅದು ಸಂಶೋಧನೆಯ ಅಂಕಿ, ರೋಗಿಗೆ ಹೇಳುವಂತಿಲ್ಲ ಎಂದರು. ಹೊಟ್ಟೆಯಲ್ಲಿ ಏನಿದೆ ಎಂದು ಕೇಳಿದಳು. ಚಿಕ್ಕ ಉಬ್ಬು, ನೋಡೋಣ ಎಂದರು.

ಇಲ್ಲಿನ ರೂಢಿ ಹಾಗೆ. ಕ್ಯಾನ್ಸರ್ ಎಂಬ ಮಾತನ್ನು ರೋಗಿಯ ಮುಂದೆ ಆಡುವುದಿಲ್ಲ. ಗಂಡನನ್ನೋ ಮಗನನ್ನೋ ಪಕ್ಕದ ಕೋಣೆಗೆ ಕರೆದು ಹೇಳುತ್ತಾರೆ. ಗಂಡಸರು ಹಲ್ಲುಕಚ್ಚಿ ಗುಟ್ಟು ಕಾಯುತ್ತಾರೆ, ಹೆಂಗಸು ಏನೂ ತಿಳಿಯದೇ ನೆಮ್ಮದಿಯಾಗಿ ಸಾಯುತ್ತಾಳೆ. ಇದಕ್ಕೆ ಕರುಣೆ ಎಂದು ಹೆಸರು. ಅಕ್ಕನಿಗೆ ಗಂಡನಿಲ್ಲ, ಮಕ್ಕಳಾಗಲಿಲ್ಲ. ಹೇಳುವುದಕ್ಕೆ ಗಂಡಸಿಲ್ಲದ ಕಾರಣ ಯಾರಿಗೂ ಹೇಳಲಿಲ್ಲ.

ಆದರೆ ಪರದೆಯಾಚೆ ಹೇಳುತ್ತಿದ್ದರು! ಬಟ್ಟೆಯ ಪರದೆಯನ್ನು ಗೋಡೆ ಎಂದುಕೊಂಡಿದ್ದರೇನೋ. ಪ್ರೊಫೆಸರ್ ಹಿಂದೆ ತರಬೇತಿ ಡಾಕ್ಟರುಗಳ ಹಿಂಡು. ವಸಂತದಲ್ಲಿ ಅವರಿಗೆ ಪರಿಣತಿ ಪರೀಕ್ಷೆ. ಅಷ್ಟರೊಳಗೆ ಇಂಥ ಗಡ್ಡೆ ಕೈಗೆ ಸಿಕ್ಕಿರಬೇಕು. ದುಡ್ಡು ಕೊಟ್ಟು ಬಂದ ಹೆಂಗಸರ ಮೇಲೆ ಕಲಿಯಲಾದೀತೇ, ಅವರು ದೂರು ಕೊಡುತ್ತಾರೆ. ಉಚಿತದವಳು ಇದ್ದಾಳಲ್ಲ. ಒಬ್ಬನಾದ ಮೇಲೆ ಒಬ್ಬ. ಅಕ್ಕ ಚಾವಣಿ ನೋಡುತ್ತ, ಕೆಳಗಿನ ಮೈ ತನ್ನದಲ್ಲವೆಂದುಕೊಂಡು ಮಲಗಿರುತ್ತಿದ್ದಳು. ಒಂದು ಸಲ ನರ್ಸಮ್ಮ ಬೆಳ್ಳುಳ್ಳಿ ವಾಸನೆ ಎಂದು ಮೂಗು ಮುರಿದಳಂತೆ. ಅಂದಿನಿಂದ ಆಸ್ಪತ್ರೆಯ ಹಿಂದಿನ ದಿನ ಅಕ್ಕ ಬೆಳ್ಳುಳ್ಳಿ ಹಾಕಿದ ಕಿಮ್ಚಿ ಉಪ್ಪಿನಕಾಯಿ ಮುಟ್ಟುವುದನ್ನು ಬಿಟ್ಟಳು. ಬರಿ ಅನ್ನ ತಿನ್ನುತ್ತಿದ್ದಳು.

ಹಾಗೆ ಮಲಗಿದ್ದಾಗಲೇ ಒಂದು ಮಾತು ಅವಳ ಕಿವಿಗೆ ಬಿತ್ತು. ಯಾರದೋ ಎಳೆಯ ದನಿ, "ಸರ್, ಆಪರೇಷನ್ ಯಾವಾಗ?" ಎಂದು ಕೇಳಿತು. ಪ್ರೊಫೆಸರ್ ಹೇಳಿದ: "ಅವಸರ ಇಲ್ಲ. ಮಾರ್ಕರ್ ಚೆನ್ನಾಗಿ ಏರ್ತಾ ಇದೆ. ಈಗ ಕೊಯ್ದರೆ ನಮ್ಮ ಗ್ರಾಫಿನ ಗೆರೆ ಅರ್ಧಕ್ಕೇ ನಿಂತುಹೋಗತ್ತೆ. ಇನ್ನೊಂದೆರಡು ಸಲ ರಕ್ತ ಸಿಗಲಿ."

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಬೇರೆ ಆಸ್ಪತ್ರೆಗೆ ಹೋಗೋಣ ಎಂದು ಅಕ್ಕನನ್ನು ಎಳೆದುಕೊಂಡು ಹೋದೆ. ಊರಿನ ಅರ್ಧ ಆಸ್ಪತ್ರೆಗಳಲ್ಲಿ ಕುಜಿರಾಯಿಯ ಶಿಷ್ಯರೇ. ಕೆಲಸ ಕೊಟ್ಟವನು ಅವನು, ಕಿತ್ತುಹಾಕುವವನೂ ಅವನೇ. ಹೆಸರು ಕೇಳಿದ ಕೂಡಲೇ ಎಲ್ಲರೂ ಒಂದೇ ಪಾಠ ಒಪ್ಪಿಸಿದರು: "ದೊಡ್ಡವರ ಕೈಯಲ್ಲಿದ್ದೀರಿ. ಪುಣ್ಯವಂತರು. ಅಲ್ಲೇ ಮುಂದುವರಿಸಿ."

ಮುಂದಿನ ಪರೀಕ್ಷೆಯ ದಿನ ಹತ್ತಿರ ಬಂತು. ಅಕ್ಕನ ಮುಖ ಇಳಿದುಹೋಗಿತ್ತು. ಕೈ ಸೋತು ಪಟ್ಟಿಗಳು ಸೊಟ್ಟಗೆ ಕೂರುತ್ತಿದ್ದವು.

"ನಾನು ಹೋಗಲ್ಲ ಕಣೇ" ಎಂದಳು. "ಆ ಕುರ್ಚಿ ಮೇಲೆ ಇನ್ನೊಂದ್ಸಲ ಮಲಗೋದಕ್ಕಿಂತ ಈ ಅಂಟಿನ ವಾಸನೇಲೇ ಸಾಯ್ತೀನಿ."

"ಹೋಗ್ದೇ ಇದ್ರೆ ಕೊಯ್ಯೋರು ಯಾರು?"

"ಹೋದ್ರೆ ಮಾತ್ರ ಕೊಯ್ತಾರಾ?"

ಬ್ರಷ್ಷನ್ನು ಅಂಟಿನ ಡಬ್ಬಿಗೆ ಕುಕ್ಕಿದೆ. ಸಿಟ್ಟಿತ್ತು. ಆ ಸಿಟ್ಟಿನಲ್ಲೇ ಉಪಾಯ ಹೊಳೆಯಿತು.

ಹಿಂದೊಮ್ಮೆ ನೀರುಗಡ್ಡೆ ಎಂದು ಇದೇ ಆಸ್ಪತ್ರೆಯಲ್ಲಿ ನನ್ನ ಎರಡೂ ಅಂಡಾಶಯ ತೆಗೆದುಹಾಕಿದ್ದರು. ಆ ಜಾಗ ಖಾಲಿ ಮನೆ. ಅಕ್ಕನ ಬದಲು ನಾನು ಹೋಗಿ ಮಲಗುವುದು. ಮುಖ ನೋಡುವವರು ಯಾರು? ಗಡ್ಡೆ ಹುಡುಕುತ್ತಾರೆ. ಸಿಗುವುದಿಲ್ಲ. ಗಾಬರಿಯಾಗುತ್ತಾರೆ. ಒಂದು ಸಲವಾದರೂ ಪರದೆ ಸರಿಸಿ, ನೀನು ಯಾರಮ್ಮ ಎಂದು ಕೇಳುತ್ತಾರೆ. ಆಗ ಮಾತು ಶುರುಮಾಡಬಹುದು.

"ಹುಚ್ಚಿ" ಎಂದಳು ಅಕ್ಕ. "ನಿನ್ನ ಹೊಟ್ಟೆ ನೋಡಿದ್ರೇ ಗೊತ್ತಾಗಲ್ವಾ?"

"ಟವಲು ಹೊದಿಸ್ತಾರಲ್ಲ, ಮಾನ ಕಾಯೋಕೆ. ಅದರ ಕೆಳಗೆ ಗಾಯದ ಗುರುತು ಯಾರಿಗೆ ಕಾಣತ್ತೆ? ಹೊಟ್ಟೆ ನಂದೂ ದಪ್ಪಗೇ ಇದೆ. ಅಕ್ಕಿ ಕಡುಬು ತಿಂದಿದ್ದು ಸುಮ್ನೆ ಹೋಗತ್ತಾ?"

ಎಷ್ಟೋ ದಿನಗಳಾದ ಮೇಲೆ ಅಕ್ಕ ನಕ್ಕಳು.

ಮೈಕಿನಲ್ಲಿ "ತಕಾಯಾಮಾ ಸಾನ್" ಎಂದು ಕೂಗಿದರು. ಅದು ಅಕ್ಕನ ಜಪಾನಿ ಹೆಸರು. ಇಲ್ಲಿ ಬದುಕಬೇಕಾದರೆ ನಮಗೆಲ್ಲ ಇಂಥದ್ದೊಂದು ಹೆಸರು ಬೇಕು, ಮಳೆಗೆ ಕೊಡೆಯ ಹಾಗೆ. ಅಕ್ಕ ಹೊರಗಿನ ಬೆಂಚಿನ ಮೇಲೆ ಉಳಿದಳು. ನಾನು ಎದ್ದು ಗೂಡಿಗೆ ಹೋದೆ. ಯಾರೂ ತಲೆ ಎತ್ತಲಿಲ್ಲ. ಕುರ್ಚಿ ಮೇಲೆದ್ದಿತು, ವಾಲಿತು, ಅಗಲಿಸಿತು. ಪರದೆಯಾಚೆ ಬೂಟುಗಳ ಸದ್ದು, ಕೈಗವಸು ಎಳೆದುಕೊಳ್ಳುವ ಸದ್ದು.

ಯಾರೂ ನಮಸ್ಕಾರ ಎನ್ನಲಿಲ್ಲ. ತಣ್ಣನೆಯ ಕೈ ಬಂತು. ಪ್ರೊಫೆಸರನದೇ. ಹೊಟ್ಟೆ ಒತ್ತಿದ, ಒಳಗೆ ಒತ್ತಿದ. ನಾನು ಉಸಿರು ಬಿಗಿಹಿಡಿದು ಕಾದೆ. ಈಗ ಗಾಬರಿಯಾಗುತ್ತಾನೆ, ಈಗ.

"ಇಲ್ಲಿ, ಎಡಗಡೆ" ಎಂದ ಪ್ರೊಫೆಸರ್. "ಗಟ್ಟಿಯಾಗಿದೆ. ಹೋದ ತಿಂಗಳಿಗಿಂತ ಬೆಳೆದಿದೆ. ರಕ್ತದ ಅಂಕಿ ಏರಿರೋದಕ್ಕೂ ಇದಕ್ಕೂ ಸರಿಯಾಗಿ ಹೊಂದತ್ತೆ. ಒಬ್ಬೊಬ್ಬರೇ ಬಂದು ನೋಡಿ."

ಬೆಳೆದಿದೆ! ನನಗೆ ನನ್ನ ಕಿವಿಯ ಮೇಲೇ ಅನುಮಾನ ಬಂತು.

ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎಂದರಂತೆ. ಮೊದಲನೆಯವನು ಬಂದ. ಕೈ ಇಟ್ಟ ಕೂಡಲೇ, "ಸಿಕ್ತು ಸರ್!"

"ಎಷ್ಟು ದೊಡ್ಡದು?"

"ಕಿತ್ತಳೆಯಷ್ಟು ಸರ್."

ಎರಡನೆಯವನು ಹುಷಾರಿ. "ಕೋಳಿಮೊಟ್ಟೆಗಿಂತ ದೊಡ್ಡದು, ಕಿತ್ತಳೆಗಿಂತ ಚಿಕ್ಕದು ಸರ್."

ಮೂರನೆಯವನಿಗೆ ಮೇಲೆ ಬರುವ ಆಸೆ ಇದ್ದಿರಬೇಕು. "ಮೇಲ್ಮೈ ಒರಟಾಗಿದೆ ಸರ್. ಸಣ್ಣ ಸಣ್ಣ ಗಂಟುಗಳೂ ಸಿಗ್ತಾ ಇವೆ."

"ಶಭಾಷ್" ಎಂದ ಪ್ರೊಫೆಸರ್. "ಇದು ನೋಡಿ, ಕಲಿತ ಕೈ."

ನನ್ನ ಹೊಟ್ಟೆ ನಗುವಿನಿಂದ ಕುಲುಕತೊಡಗಿತು. "ತಕಾಯಾಮಾ ಸಾನ್, ಅಲ್ಲಾಡಬೇಡಿ" ಎಂದಳು ನರ್ಸಮ್ಮ. ಸೆರಗಿಲ್ಲ ನಮಗೆ, ಬಾಯಿಗೆ ತುರುಕಿಕೊಳ್ಳಲು. ಮುಂಗೈ ಕಚ್ಚಿಕೊಂಡೆ.

ಕೊನೆಗೆ ಬಂದ ಕೈ ಚಿಕ್ಕದು. ಹೆದರಿದ ಕೈ. ಹುಡುಕಿತು, ನಿಂತಿತು, ಮತ್ತೆ ಹುಡುಕಿತು. ಹುಡುಗಿಯ ದನಿ.

"ಸರ್, ಕ್ಷಮಿಸಿ. ನನಗೇನೂ ಸಿಗ್ತಾ ಇಲ್ಲ."

"ಅಕುತ್ಸು, ವಸಂತದಲ್ಲಿ ಪರೀಕ್ಷೆಗೆ ಕೂರ್ತೀಯ ತಾನೆ?"

"ಹೌದು ಸರ್."

"ಆ ಪರೀಕ್ಷೆಗೆ ಸಹಿ ಹಾಕೋದು ಯಾರು?"

"ನೀವು ಸರ್."

"ಇನ್ನೊಂದ್ಸಲ ನೋಡು."

ಆ ಕೈ ಅಲ್ಲೇ ಇತ್ತು, ಅಲ್ಲಾಡಲೂ ಇಲ್ಲ. ಆಮೇಲೆ ಹುಡುಗಿ ಸಣ್ಣಗೆ ಹೇಳಿದಳು: "ಸಿಕ್ಕ ಹಾಗಿದೆ ಸರ್."

ನನ್ನ ನಗು ಅಲ್ಲೇ ಸತ್ತಿತು. ಇಲ್ಲದ್ದು ನನ್ನಲ್ಲಿ ಸಿಕ್ಕಿತೆಂದರೆ, ಅಕ್ಕನಲ್ಲಿ ಇದ್ದದ್ದನ್ನು ಇವರು ಯಾವತ್ತಾದರೂ ನೋಡಿದ್ದರೇ? ಅಷ್ಟು ತಿಂಗಳು ಅವಳನ್ನು ಹಿಂಡಿದ ಈ ಕೈಗಳು ಹುಡುಕಿದ್ದು ಅವಳ ಗಡ್ಡೆಯನ್ನಲ್ಲ, ಪ್ರೊಫೆಸರನ ಮಾತನ್ನು. ಹೊರಗೆ ಬೆಂಚಿನ ಮೇಲೆ ಅವಳ ಹೊಟ್ಟೆಯೊಳಗೆ ಅದು ನಿಜವಾಗಿ ಬೆಳೆಯುತ್ತ ಕೂತಿತ್ತು. ನನಗೆ ಭಯವಾಯಿತು. ಭಯದ ಹಿಂದೆಯೇ ಸಿಟ್ಟು ಉಕ್ಕಿ ಬಂತು.

"ಡಾಕ್ಟ್ರೇ" ಎಂದೆ. "ಸಿಕ್ಕಿದ್ದನ್ನ ನನಗೂ ಒಂಚೂರು ತೋರಿಸಿ."

"ರೋಗಿಗಳು ಮಾತಾಡಬಾರದು. ಹೊಟ್ಟೆ ಬಿಗಿಯಾಗತ್ತೆ" ಎಂದಿತು ಆಚೆಯ ದನಿ.

"ನನ್ನ ಎರಡೂ ಅಂಡಾಶಯ ನೀವೇ ಕಿತ್ತು ಬಿಸಾಕಿದ್ರಲ್ಲ, ಇದೇ ಆಸ್ಪತ್ರೇಲಿ. ಈಗ ಕಿತ್ತಳೆಯಷ್ಟು ಆಗಿದೆ ಅಂತೀರಿ. ಕೊಯ್ದ ಸೊಪ್ಪಿನ ಹಾಗೆ ಮತ್ತೆ ಚಿಗುರ್ತಾ, ಹೇಗೆ?"

ಕೈ ಎತ್ತಿ ಪರದೆ ಹಿಡಿದು ಜಗ್ಗಿದೆ. ಪರದೆಯ ಕಂಬಿಯ ಬಳೆಗಳು ಕಿತ್ತು ಟಪಟಪ ಉದುರಿದವು. ಆಚೆ ಬಿಳಿ ಕೋಟುಗಳ ಸಾಲು. ಅಷ್ಟು ಹೊತ್ತು ನನ್ನ ಮೈಯೊಳಗೆ ಕೈ ಹಾಕಿದವರು ನನ್ನ ಮುಖ ಕಂಡ ಕೂಡಲೇ ತಲೆ ತಗ್ಗಿಸಿದರು. 'ಕಲಿತ ಕೈ' ಗೋಡೆ ಕಡೆ ತಿರುಗಿ ನಿಂತ. ಅಕುತ್ಸು ಎಂಬ ಹುಡುಗಿ ಮಾತ್ರ ನನ್ನನ್ನೇ ನೋಡುತ್ತಿದ್ದಳು. ಅವಳ ಕಣ್ಣಲ್ಲಿ ನೀರಿತ್ತು. ಇರಲಿ. ನೀರಿನಿಂದ ಗಡ್ಡೆ ಕರಗುವುದಿಲ್ಲ.

"ಯಾರು ನೀವು?" ಎಂದ ಪ್ರೊಫೆಸರ್.

"ಅದನ್ನ ಕೈ ಹಾಕೋ ಮುಂಚೆ ಕೇಳ್ಬೇಕಿತ್ತು."

ಅಷ್ಟರಲ್ಲಿ ಅಕ್ಕ ಬಾಗಿಲು ತಳ್ಳಿಕೊಂಡು ಒಳಗೆ ಬಂದಳು. ಮೊದಲು ಟವಲು ಎಳೆದು ನನ್ನ ಕಾಲು ಮುಚ್ಚಿದಳು. ಆಮೇಲೆ ಅವರ ಕಡೆ ತಿರುಗಿದಳು.

"ತಕಾಯಾಮಾ ಅಂತ ನೀವು ಕೂಗೋದು ನನ್ನನ್ನ. ನನ್ನ ಹೆಸರು ಕೋ ಒಕ್‌ಸುನ್. ನನ್ನ ಹೊಟ್ಟೇಲಿರೋದು ಏನು, ಹೇಳಿ."

ಪ್ರೊಫೆಸರ್ ಅವಳನ್ನೂ ನನ್ನನ್ನೂ ನೋಡಿದ. ಯಾವುದು ತನ್ನ ರೋಗಿ ಎಂದು ನರ್ಸಮ್ಮನ ಕಡೆ ನೋಡಿದ. ಅವಳಿಗೂ ಗೊತ್ತಿರಲಿಲ್ಲ.

"ಮನೆಯವರನ್ನ ಕರ್ಕೊಂಡು ಬನ್ನಿ" ಎಂದ. "ಅವರ ಹತ್ರ ಮಾತಾಡ್ತೀವಿ. ಗಂಡಸರು ಯಾರಾದ್ರೂ."

"ಗಂಡ ಮಣ್ಣಲ್ಲಿದಾನೆ. ವಿಳಾಸ ಕೊಡ್ತೀನಿ, ಹೋಗಿ ಅಲ್ಲೇ ಹೇಳಿ ಬನ್ನಿ."

ಯಾರೋ ಕಿಸಕ್ಕನೆ ನಕ್ಕು, ಕೆಮ್ಮಿನಲ್ಲಿ ಮುಚ್ಚಿಕೊಂಡರು. ಪ್ರೊಫೆಸರ್ ಮುಖ ಕೆಂಪಾಯಿತು. ಕಾನೂನು ಎಂದ, ವಂಚನೆ ಎಂದ, ಪೊಲೀಸ್ ಎಂದ. ಅಕ್ಕ ಎಲ್ಲ ಕೇಳಿಸಿಕೊಂಡಳು. ರಕ್ತಕ್ಕೆಂದು ಮಡಚಿಕೊಂಡು ಬಂದಿದ್ದ ಅಂಗಿಯ ತೋಳನ್ನು ನಿಧಾನವಾಗಿ ಕೆಳಗಿಳಿಸಿದಳು.

"ಕೊಯ್ಯೋ ದಿನ ಗೊತ್ತು ಮಾಡಿ. ಅಲ್ಲೀವರೆಗೂ ಒಂದು ಹನಿ ರಕ್ತ ಇಲ್ಲ."

"ಇಷ್ಟು ದೂರ ಬಂದು ನಿಲ್ಲಿಸಿದ್ರೆ ಹೇಗಮ್ಮಾ? ಜಗತ್ತಿನ ಹೆಂಗಸರು..."

"ನಾನು ಯಾರು? ಜಗತ್ತಿನ ಗಂಡಸಾ?"

ಆ ವಾರ ಆಸ್ಪತ್ರೆಯ ವ್ಯಾನು ನಮ್ಮ ಓಣಿಗೆ ಬಂದಾಗ ನೆಲಮಾಳಿಗೆಯ ಒಬ್ಬ ಹೆಂಗಸೂ ತೋಳು ಮಡಚಲಿಲ್ಲ. ಕೆಲಸದ ಯಜಮಾನ ಮೆಟ್ಟಿಲ ಮೇಲೆ ನಿಂತು ಬೈದ, ಅಂಗಡಿ ಮುಚ್ಚಿಸ್ತಾರೆ ಕಣ್ರೇ ಎಂದು ಗೋಳಾಡಿದ. ನಾವು ಅಂಟು ಹಚ್ಚುತ್ತಲೇ ಇದ್ದೆವು. ಸೀಸೆಗಳು ಖಾಲಿಯೇ ವಾಪಸ್ಸು ಹೋದವು.

ಆಸ್ಪತ್ರೆಯವರು ವಿಚಾರಣಾ ಸಮಿತಿ ಮಾಡಿದರು. ಸಮಿತಿಯೂ ಪ್ರೊಫೆಸರನ ಶಿಷ್ಯರದೇ. ಬಹಳ ಯೋಚಿಸಿ ತೀರ್ಪು ಕೊಟ್ಟರು: ಅಂದು ಕೈಗೆ ಸಿಕ್ಕಿದ್ದು ನಿಜವೇ. ಆದರೆ ಅದು ಗಡ್ಡೆಯಲ್ಲ, ಮಲಬದ್ಧತೆ. ಅಂದರೆ ಒರಟು ಮೇಲ್ಮೈ, ಸಣ್ಣ ಗಂಟುಗಳು ಎಂದು ಶಭಾಷ್‌ಗಿರಿ ಪಡೆದದ್ದೆಲ್ಲ ಹಿಂದಿನ ದಿನ ನಾನು ತಿಂದ ಊಟ. ಓಣಿಯ ಹೆಂಗಸರು ಇವತ್ತಿಗೂ ನನ್ನನ್ನು ಕಂಡರೆ, "ಏನೇ ಬೊಂಗಾ, ಪ್ರೊಫೆಸರ್‌ಗೆ ಇವತ್ತೇನು ಅಡುಗೆ?" ಎನ್ನುತ್ತಾರೆ.

ಪರದೆಗೆ ಹೊಸ ಬಳೆ ಹಾಕಿಸಿದರು. ಮೊದಲಿಗಿಂತ ಗಟ್ಟಿ.

ಅಷ್ಟು ದಿನ ಇಲ್ಲದ ಹಾಸಿಗೆ ಇದ್ದಕ್ಕಿದ್ದಂತೆ ಖಾಲಿಯಾಯಿತು. ಅಕ್ಕನನ್ನು ಕೊಯ್ದರು. ಬೆಳಿಗ್ಗೆ ಒಳಗೆ ಹೋದವಳು ಸಂಜೆಗೆ ಹೊರಗೆ ಬಂದಳು, ಸುಣ್ಣ ಬಳಿದ ಹಾಗೆ ಬೆಳ್ಳಗಾಗಿ. ನಾನು ಸ್ಟೂಲಿನ ಮೇಲೆ ಕೂತು ಅವಳ ಕೈ ಹಿಡಿದುಕೊಂಡಿದ್ದೆ. ಯಾರೂ ಏನೂ ಹೇಳಲಿಲ್ಲ. ಹೇಳಲು ಗಂಡಸಿರಲಿಲ್ಲವಲ್ಲ.

ಹೊಲಿಗೆ ಬಿಚ್ಚಿದ ಮೇಲೆ ನರ್ಸಮ್ಮ ತೋಳಿಗೆ ಕಟ್ಟುವ ರಬ್ಬರು ಪಟ್ಟಿ ತಂದಳು. ಕೊಯ್ದಾದ ಮೇಲೆ ಅಂಕಿ ಎಷ್ಟು ಇಳಿಯುತ್ತದೆ ಎಂದು ನೋಡಬೇಕಂತೆ. ಕೊಯ್ದ ಮೇಲಿನ ಒಂದು ಸೀಸೆ ಆಗಲೇ ಹೋಗಿತ್ತು. ಇದು ಇನ್ನೊಂದು.

"ಇದು ನನಗಾ, ಅವನಿಗಾ?" ಎಂದಳು ಅಕ್ಕ.

"ಇಬ್ಬರಿಗೂ ಅನ್ಕೊಳ್ಳಿ."

"ಹಾಗಾದ್ರೆ ಹೋದ ಸಲದ ಅಂಕಿ ನನಗೂ ಹೇಳ್ಲಿ. ಅವನೇ ಬರ್ಲಿ."

ಬರಲಾರ ಎಂದುಕೊಂಡಿದ್ದೆ. ಬಂದ. ಗೆರೆ ಅರ್ಧಕ್ಕೆ ನಿಂತಿತ್ತಲ್ಲ, ಬರದೇ ಏನು ಮಾಡುತ್ತಾನೆ. ನಾನು ಎದ್ದು ಸ್ಟೂಲು ಬಿಟ್ಟುಕೊಟ್ಟೆ. ಕೂತ. ಸೀಸೆ ಕೈಯಲ್ಲೇ ಇತ್ತು.

"ಹೇಳಿ" ಎಂದಳು ಅಕ್ಕ. "ನನ್ನ ಮುಖ ನೋಡ್ಕೊಂಡು ಹೇಳಿ. ಕಾಲೆತ್ಕೊಂಡು ಬಹಳ ದಿನ ಕೇಳಿಸ್ಕೊಂಡೆ, ಇವತ್ತು ಕೂತು ಕೇಳ್ತೀನಿ."

ಅವನಿಗೆ ಅದು ಅಭ್ಯಾಸವಿರಲಿಲ್ಲ. ಗೋಡೆ ನೋಡಿದ, ನನ್ನನ್ನು ನೋಡಿದ, ಕೊನೆಗೆ ಅವಳನ್ನು ನೋಡಿದ. "ಕ್ಯಾನ್ಸರ್" ಎಂದ.

"ಗೊತ್ತಿತ್ತು. ಮುಂದೆ?"

"ಅಂಕಿ ಇಳಿದಿದೆ. ಪೂರ್ತಿ ಇಳಿದಿಲ್ಲ."

"ಅಂದ್ರೆ?"

"ಹರಡಿತ್ತು. ಸಿಕ್ಕಿದಷ್ಟು ತೆಗೆದ್ವಿ. ಒಳಗೆ ಇನ್ನೂ ಇದೆ."

"ಮೊದಲ ಸಲ ಏರಿದಾಗಲೇ ಕೊಯ್ದಿದ್ರೆ?"

"ಆಗ ಹರಡಿರಲಿಲ್ಲ ಅನ್ಸತ್ತೆ."

"ಅನ್ಸತ್ತೆ ಬೇಡ."

"ಹರಡಿರಲಿಲ್ಲ."

ನಿನ್ನ ಮನೆ ಹಾಳಾಗ ಎಂದು ನಾನು ಚೀರಿದೆ. ವಾರ್ಡಿನವರೆಲ್ಲ ತಿರುಗಿ ನೋಡಿದರು. ಅಕ್ಕ ಕೈ ಎತ್ತಿ ನನ್ನನ್ನು ಸುಮ್ಮನಾಗಿಸಿದಳು. ಪ್ರೊಫೆಸರ್ ಎದ್ದು ಸೊಂಟ ಬಗ್ಗಿಸಿ ತಲೆಬಾಗಿದ. ಬಹಳ ಹೊತ್ತು ಬಾಗಿಯೇ ಇದ್ದ. ಇಷ್ಟಾದರೂ ಮನುಷ್ಯನಾದನಲ್ಲ ಎಂದು ನಾನು ಅಂದುಕೊಳ್ಳುತ್ತಿರುವಾಗಲೇ, ಬಾಗಿದ ತಲೆಯ ಕೆಳಗಿನಿಂದ ಅವನ ಕಣ್ಣು ಅಕ್ಕನ ತೋಳಿನ ಮೇಲೆ ಹರಿಯಿತು.

"ಇದೊಂದು ಸಲ" ಎಂದ. "ಇದೊಂದು ಸಿಕ್ಕಿದ್ರೆ ಸಂಶೋಧನೆ ಪೂರ್ತಿಯಾಗತ್ತೆ."

ಅಕ್ಕನಿಗೆ ಸಿಟ್ಟು ಬರಲಿಲ್ಲ. ಹಸುಗೂಸನ್ನು ನೋಡುವ ಹಾಗೆ ಅವನನ್ನು ನೋಡಿದಳು.

"ಉಳಿದಿರೋದು ನನಗೆ ಬೇಕು ಡಾಕ್ಟ್ರೇ" ಎಂದಳು.

ಸ್ವೆಟರಿನ ತೋಳನ್ನು ಮಣಿಕಟ್ಟಿನವರೆಗೂ ಎಳೆದು ಗುಂಡಿ ಹಾಕಿಕೊಂಡಳು. ಪ್ರೊಫೆಸರ್ ಖಾಲಿ ಸೀಸೆ ಹಿಡಿದುಕೊಂಡು ನಿಂತಿದ್ದ.